ಕಂಟ್ರೋಲರ್ ಕಡಿದುಹೋದರೂ ನಿಲ್ಲದ ಹಸಿರು ಸೀರೆ

ಸುಲ್ತಾನ್ ಬಜಾರಿನ ಸೀರೆ ಅಂಗಡಿಗಳ ಮುಂದೆ ಹಾದುಹೋಗುವಾಗ ಇವತ್ತಿಗೂ ನನಗೆ ನಗು ತಡೆಯಲಾಗುವುದಿಲ್ಲ. ಜತೆಗಿದ್ದವರು ಯಾಕೆಂದು ಕೇಳಿದರೆ ಕಥೆಯನ್ನು ಪ್ಯಾಕೆಟ್ಟಿನಿಂದ ಶುರುಮಾಡಬೇಕಾಗುತ್ತದೆ.

ಗಚ್ಚಿಬೌಲಿಯ ಆಫೀಸಿನಲ್ಲಿ ನಮ್ಮದು ಕೋರ್ ನೆಟ್‌ವರ್ಕಿನ ಕೆಲಸ. ಊರೂರುಗಳ ಫೋನು, ವಿಡಿಯೋ ಎಲ್ಲ ಚೂರುಚೂರು ಪ್ಯಾಕೆಟ್‌ಗಳಾಗಿ ಬಂದು ಸೇರುವ ಹೆದ್ದಾರಿ ಅದು. ಹಳೆಯ ಪದ್ಧತಿಯಲ್ಲಿ ಪ್ರತಿ ರೂಟರೂ ತನ್ನ ದಾರಿಯನ್ನು ತಾನೇ ಯೋಚಿಸುತ್ತದೆ. ನಾವು ಆ ಬುದ್ಧಿಯನ್ನೆಲ್ಲ ಕಿತ್ತು ಕಂಟ್ರೋಲರ್ ಎಂಬ ಒಂದೇ ಸಾಫ್ಟ್‌ವೇರಿಗೆ ಕೊಟ್ಟಿದ್ದೆವು. ಅದು ಅಪ್ಪಣೆ ಕೊಡುತ್ತದೆ, ಸ್ವಿಚ್ಚು ಎಂಬ ಪೆಟ್ಟಿಗೆಗಳು ಅದು ಹೇಳಿದಂತೆ ಪ್ಯಾಕೆಟ್ ದಾಟಿಸುತ್ತವೆ. ಎಂಥ ಚೆಂದದ ವಿಚಾರ! ಕ್ಯಾಬ್ ಚಾಲಕರಿಗೂ ಇದನ್ನು ವಿವರಿಸಿ ತಲೆ ತಿಂದಿದ್ದೇನೆ.

ನಮ್ಮ ದೊಡ್ಡ ಸಾಹೇಬರಿಗೆ ಮಾತ್ರ ಒಂದು ಅನುಮಾನ. ಬುದ್ಧಿಯೆಲ್ಲ ಒಂದೇ ಕಡೆ ಇಟ್ಟು, ಅದೇ ಕೈಕೊಟ್ಟರೆ? ಅದಕ್ಕೇ ಒಂದು ದಿನ ಲ್ಯಾಬಿನಲ್ಲಿ ಅವರ ಮುಂದೆ ಪರೀಕ್ಷೆ ಇಟ್ಟುಕೊಂಡೆವು. ಅದನ್ನು ನೋಡಿ ಅವರು ಒಪ್ಪಿದರೆ ನಮ್ಮ ವಿಧಾನ ನಿಜವಾದ ನೆಟ್‌ವರ್ಕಿಗೆ ಏರುತ್ತಿತ್ತು. ಇಲ್ಲದಿದ್ದರೆ ತಂಡ ಒಡೆದು, ನಾನು ಮತ್ತೆ ಹಳೆಯ ರೂಟರುಗಳ ದೂರು ಕೇಳುತ್ತ ಕೂರಬೇಕಿತ್ತು.

ನನ್ನ ಹಿರಿಯ ಸಹೋದ್ಯೋಗಿ ಕಲಬುರಗಿಯವರು.

"ಗ್ರಾಫ್ ನೋಡಿ ಯಾರ್ ನಂಬ್ತಾರಿ? ಜೀವಂತ ಮನಷ್ಯಾರ ಮಾರಿ ತೋರಿಸೂಣು," ಎನ್ನುತ್ತ ಲ್ಯಾಬಿನ ಲ್ಯಾಪ್‌ಟಾಪಿನಿಂದ ತಮ್ಮ ಹೆಂಡತಿಗೇ ವಿಡಿಯೋ ಕರೆ ಮಾಡಿಬಿಟ್ಟರು. ಕರೆ ನಮ್ಮ ಪರೀಕ್ಷೆಯ ಸ್ವಿಚ್ಚುಗಳ ಮೂಲಕವೇ ಹೋಗುತ್ತಿತ್ತು. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ. ಅಕ್ಕ ಆಗ ಸುಲ್ತಾನ್ ಬಜಾರಿನಲ್ಲಿ ಸೀರೆ ಆರಿಸುತ್ತಿದ್ದರು. ಸಾಹೇಬರ ಎದುರಿನ ಗೋಡೆಯಗಲದ ಪರದೆಯ ತುಂಬ ಸೀರೆಗಳು!

"ಹಸಿರೋ, ಕೆಂಪೋ? ಲಗೂನ ಹೇಳ್ರಿ," ಎಂದರು ಅಕ್ಕ.

"ಹಸಿರ ತಗೋ. ಫೋನ್ ಮಾತ್ರ ಇಡಬ್ಯಾಡ," ಎಂದರು ಹಿರಿಯರು.

ಎಂಟರ್ ಒತ್ತುವ ಮುಂಚೆ ಏನಾಗಲಿದೆ ಎಂಬುದನ್ನು ಗಟ್ಟಿಯಾಗಿ ಹೇಳುವುದು ನಮ್ಮ ತಂಡದ ಪದ್ಧತಿ. ನಾನು ಎದ್ದು ನಿಂತು, "ಸ್ವಿಚ್ಚಿಂದ ಸ್ವಿಚ್ಚಿಗೆ ಹೋಗೋ ಈ ಲಿಂಕ್ ಖಾಲಿ ಮಾಡಿ ಮುಚ್ತೀನಿ. ಇದರಲ್ಲಿರೋ ಪ್ಯಾಕೆಟ್ಟೆಲ್ಲ ಪಕ್ಕದ ದಾರಿಗೆ ಹೋಗುತ್ತೆ. ಯಾರಿಗೂ ಗೊತ್ತೇ ಆಗಲ್ಲ," ಎಂದು ಠೀವಿಯಿಂದ ಘೋಷಿಸಿ ಒತ್ತಿದೆ.

ಕಂಟ್ರೋಲರಿನ ಪರದೆ ಪೂರ್ತಿ ಕೆಂಪಾಯಿತು. ಒಂದು ಸ್ವಿಚ್ಚೂ ಅದಕ್ಕೆ ಉತ್ತರಿಸುತ್ತಿಲ್ಲ.

ಮರುಕ್ಷಣವೇ ಹೊಳೆಯಿತು: ಕಂಟ್ರೋಲರಿನ ಅಪ್ಪಣೆಗಳೂ ಅದೇ ಲಿಂಕಿನಲ್ಲಿ ಹೋಗುತ್ತಿದ್ದವು! ಲೋಕದ ಪ್ಯಾಕೆಟ್‌ಗಳಿಗೆಲ್ಲ ಪಕ್ಕದ ದಾರಿ ಬರೆದಿದ್ದ ನಾವು ಅಪ್ಪಣೆಗಳಿಗೆ ಮಾತ್ರ ಬರೆದಿರಲಿಲ್ಲ. ಇಡೀ ಮದುವೆ ಮನೆಗೆ ಬಡಿಸಿ ಅಡುಗೆಯವರಿಗೇ ಎಲೆ ಹಾಕದಂತಾಗಿತ್ತು. ಹಿರಿಯರು ತೆರೆದ ಬಾಯಿ ತೆರೆದಂತೆಯೇ ಕುಳಿತಿದ್ದರು.

ಸಾಹೇಬರು ಕೆಂಪು ಪರದೆ ನೋಡಿದರು, ಆಮೇಲೆ ಗೋಡೆ ನೋಡಿದರು. ಅಲ್ಲಿ ಹಸಿರು ಸೀರೆಯ ಸೆರಗು ಚೂರೂ ಅಲುಗದೆ, ಮಸುಕಾಗದೆ ಹರಡಿಕೊಂಡಿತ್ತು.

ಬೇಕೆಂದೇ ಕಂಟ್ರೋಲರನ್ನು ಕಡಿದು ತೋರಿಸಿದಿರಾ ಎಂದು ಅವರು ಹಿಂದಿಯಲ್ಲಿ ಕೇಳಿದರು. ಹೌದು ಎಂದಿದ್ದರೆ ಅಲ್ಲಿಗೇ ಗೆದ್ದುಬಿಡುತ್ತಿದ್ದೆವು. ನನ್ನ ಬಾಯಿ ಕೇಳಬೇಕಲ್ಲ!

"ಇಲ್ಲ ಸರ್, ಎಡವಟ್ಟಾಗಿದೆ," ಎಂದುಬಿಟ್ಟೆ.

ಹಾಗಾದರೆ ಆ ಕರೆ ಹೇಗೆ ನಡೆಯುತ್ತಿದೆ ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಗೋಡೆಯ ಮೇಲೆ ಅಕ್ಕನ ಮುಖ ಬಂತು.

"ಏನ್ರೀ, ಎಷ್ಟ್ ಕೇಳಿದರೂ ಮಾತಾಡವಲ್ರಿ? ಮದಲ ಹಸಿರ ಅಂದಿದ್ರಲ್ಲ, ಅದನ್ನ ಕಟ್ಟಿಸೀನಿ ನೋಡ್ರಿ."

ನಾನು ನಗುತ್ತಲೇ ಅದನ್ನು ಸಾಹೇಬರಿಗೆ ಹಿಂದಿಯಲ್ಲಿ ತಿಳಿಸಿ, "ನಮ್ಮ ಸ್ವಿಚ್ಚುಗಳು ಮಾಡಿದ್ದೂ ಇದನ್ನೇ ಸರ್. ಮೇಲಿನಿಂದ ಮಾತು ನಿಂತರೆ, ಕೊನೆಗೆ ಬಂದ ಅಪ್ಪಣೆಯಂತೆ ನಡೆಸಿಕೊಂಡು ಹೋಗುತ್ತವೆ," ಎಂದೆ.

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪಣೆಗಳಿಗೆ ಬೇರೆ ಕೇಬಲ್ ಎಳೆಯಿರಿ, ಆಮೇಲೆ ನೆಟ್‌ವರ್ಕಿಗೆ ಏರಿಸಿ ಎಂದರು. ಲಿಫ್ಟಿಗೆ ಕಾಯುವಷ್ಟು ತಾಳ್ಮೆ ಯಾರಿಗಿತ್ತು? ಮೆಟ್ಟಿಲು ಕುಣಿಯುತ್ತ ಇಳಿದೆ. ಅಷ್ಟು ಖುಷಿ ನನಗೆ ಕೆಲಸ ಸಿಕ್ಕ ದಿನವೂ ಆಗಿರಲಿಲ್ಲ.

ನೆಟ್‌ವರ್ಕಿಗೆ ಏರಿಸಿದ ದಿನ ಅಕ್ಕ ಅದೇ ಸೀರೆ ಉಟ್ಟು ಆಫೀಸಿಗೆ ಪೇಡೆ ತಂದರು.

"ನಾ ಹೇಳಿದ್ದನ್ನ ತಗೊಂಡಾಳ್ರಿ," ಎಂದು ಹಿರಿಯರು ಎಲ್ಲರ ಮುಂದೆ ಬೀಗಿದರು.

ಅಕ್ಕ ನನಗೆ ಪೇಡೆ ಕೊಡುವ ನೆಪದಲ್ಲಿ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದರು: "ಕೆಂಪೂ ತಗೊಂಡೀನಿ. ಅವರಿಗಿನ್ನೂ ಗೊತ್ತಿಲ್ಲ."