ಲಿಂಗಪ್ಪನ್ ಕಟ್ಟಿದ ದೇಶ

ತಮಿಳುನಾಡಿನ ಅವಿನಾಶಿಯಿಂದ ಮೂರು ಮೈಲಿ ದೂರದ ಸೆಂಗಾಡುಪಾಳ್ಯದಲ್ಲಿ ಪಾವು ಸೇರಿಸುವವನೆಂದರೆ ಲಿಂಗಪ್ಪನ್ ಒಬ್ಬನೇ. ಪಾವು ಎಂದರೆ ಹಾಸುನೂಲು. ಪವರ್‌ಲೂಮಿನ ಮೇಲೆ ಅದು ಮುಗಿಯುತ್ತ ಬಂದಾಗ ಹಳೆಯ ಎಳೆಯೊಂದಕ್ಕೆ ಹೊಸ ಎಳೆಯೊಂದನ್ನು ಜೋಡಿಸಿ, ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸೆದು ಕೂಡಿಸಬೇಕು. ಒಂದು ಮಗ್ಗಕ್ಕೆ ಎರಡೂವರೆ ಸಾವಿರ ಎಳೆ. ನಡುವೆ ಒಂದು ಬಿಟ್ಟುಹೋದರೆ ಅಲ್ಲಿಂದ ಮುಂದಿನದೆಲ್ಲ ತಪ್ಪು, ಬಿಚ್ಚಿ ಮತ್ತೆ ಕೂರಬೇಕು. ಇಪ್ಪತ್ತೆರಡು ವರ್ಷದಲ್ಲಿ ಲಿಂಗಪ್ಪನ ಕೈ ತಪ್ಪಿದ್ದಿಲ್ಲ. ಬಾಯಿಯ ವಿಷಯ ಬೇರೆ.

ಆ ಊರಿನ ನೇಕಾರರ ಮನೆಮಾತು ಕನ್ನಡ. ಓದು, ಬರಹ, ಸಿನಿಮಾ, ಪೊಲೀಸು ಎಲ್ಲ ತಮಿಳು. ಕರೆಂಟು ಹೋದಾಗ ಮಾತ್ರ ಶೆಡ್ಡಿನಲ್ಲಿ ಮನುಷ್ಯರ ಮಾತು ಕೇಳುತ್ತಿತ್ತು, ಮತ್ತು ಎಂಬತ್ತರ ದಶಕದ ಆ ನಡುಭಾಗದಲ್ಲಿ ಕರೆಂಟು ದಿನಕ್ಕೆ ಮೂರ್ನಾಲ್ಕು ಗಂಟೆ ಹೋಗುತ್ತಿತ್ತು. ಆ ಹೊತ್ತಿನಲ್ಲೂ ಲಿಂಗಪ್ಪನಿಗೆ ಕೆಲಸವಿರುತ್ತಿತ್ತು. ಮಿಕ್ಕವರು ಅವನ ಸುತ್ತ ಕೂರುತ್ತಿದ್ದರು. ಅವನು ಎಳೆ ಹೊಸೆಯುತ್ತ ಒಂದು ದೇಶದ ಕತೆ ಹೇಳುತ್ತಿದ್ದ.

ಆ ದೇಶ ಕಡಲಾಚೆ ಎಲ್ಲೋ ಇತ್ತು. ಅದಕ್ಕೆ ಮೂವರು ಒಡೆಯರು. ಬಡಗಣ ಬೆಟ್ಟ ಒಬ್ಬನದು, ಮಳೆಯೆಲ್ಲ ಅಲ್ಲೇ ಬೀಳುತ್ತಿದ್ದುದರಿಂದ ನೀರು ಅವನದು. ನಡುವಿನ ಬಯಲು ಇನ್ನೊಬ್ಬನದು, ಬೆಳೆ ಅವನದು. ತೆಂಕಣ ರೇವು ಮೂರನೆಯವನದು, ಹಡಗು ಅವನದು. ಬಾವುಟ ಮಾತ್ರ ಜನರದು. ಒಂದು ಸೀಮೆಯಿಂದ ಇನ್ನೊಂದಕ್ಕೆ ಹೋಗುವಾಗ ರೈಲು ನಿಂತು, ಜನ ಇಳಿದು, ಬೇರೆ ರೈಲು ಹತ್ತಬೇಕು. ಮೂವರೂ ಒಂದೇ ಪತ್ರಿಕೆ ನಡೆಸುತ್ತಿದ್ದರು, ಅದಕ್ಕೆ ಮೂರು ಮೊದಲ ಪುಟ. ಐದು ವರ್ಷಕ್ಕೊಮ್ಮೆ ಮೂವರೂ ಕೂತು ಯಾರು ಗೆದ್ದರೆಂದು ಗೊತ್ತುಮಾಡುವರು. ಆಮೇಲೆ ಜನ ಹೋಗಿ ವೋಟು ಹಾಕುವರು.

ಕೇಳುವವರು ನಗುತ್ತಿದ್ದರು. ಯಾರು ಯಾರೆಂದು ಹೇಳಬೇಕಿರಲಿಲ್ಲ. ಸೆಂಗಾಡುಪಾಳ್ಯದಲ್ಲಿ ನೂಲು ಮಾರುವವನು ವೆಂಕಟಾಚಲಂ, ಆ ನೂಲಿಗೆ ಗಂಜಿ ಹಾಕಿ ಹಾಸು ಸುತ್ತಿಕೊಡುವ ಕಾರ್ಖಾನೆ ದೇವರಾಜನ್‌ದು, ನೇಯ್ದ ಬಟ್ಟೆ ಕೊಳ್ಳುವವನು ರಂಗಸಾಮಿ. ಮೂವರಿಗೂ ಒಂದೊಂದು ದೊಡ್ಡ ಶೆಡ್ಡು. ಮೂವರ ಕೈ ದಾಟದೆ ಆ ಊರಿನಲ್ಲಿ ಒಂದು ಟವೆಲ್ಲೂ ಆಗುತ್ತಿರಲಿಲ್ಲ.

ಲಿಂಗಪ್ಪನಿಗೆ ಇದ್ದ ಆಸೆ ಒಂದೇ. ತಿರುಪ್ಪೂರಿನಲ್ಲಿ ಯಾರೋ ಬಿಟ್ಟ ಹಳೆಯ ಪವರ್‌ಲೂಮೊಂದನ್ನು ತಂದು ಮನೆಯ ಮುಂದಿನ ಕೋಣೆಯಲ್ಲಿ ನಿಲ್ಲಿಸಿದ್ದ. ಅದಕ್ಕೆ ಕರೆಂಟು ಬೇಕಿತ್ತು. ಕರೆಂಟಿಗೆ ಪಂಚಾಯತಿ ಅಧ್ಯಕ್ಷನ ಸಹಿ ಬೇಕಿತ್ತು. ಅಧ್ಯಕ್ಷನೇ ಇರಲಿಲ್ಲ. ಎಲೆಕ್ಷನ್ ನಡೆದು ಎಷ್ಟೋ ವರ್ಷವಾಗಿತ್ತು, ಮೇಲಿನ ಆಫೀಸಿನವರು ‘ಎಲೆಕ್ಷನ್ ಆಗಲಿ’ ಎಂದು ಅರ್ಜಿ ಹಿಂದಕ್ಕೆ ಕೊಟ್ಟರು. ಹದಿನಾಲ್ಕು ತಿಂಗಳು ಮಗ್ಗ ಗೋಣಿತಾಟು ಹೊದ್ದು ನಿಂತಿತು. ಅವನ ಹೆಂಡತಿ ಸುಶೀಲ ಇನ್ನೊಬ್ಬರ ಶೆಡ್ಡಿನಲ್ಲಿ ನೂಲು ಸುತ್ತಿ ಬಂದು, ವಾರಕ್ಕೊಮ್ಮೆ ಅದಕ್ಕೆ ಎಣ್ಣೆ ಹಾಕುತ್ತಿದ್ದಳು. ಸ್ವಂತ ಮಗ್ಗದ ಮುಂದೆ ನಿಲ್ಲಬೇಕೆಂಬ ಹಂಬಲ ಗಂಡನಿಗಿಂತ ಅವಳಿಗೇ ಹೆಚ್ಚು.

ಎಂಬತ್ತಾರರಲ್ಲಿ ಪಂಚಾಯತಿ ಎಲೆಕ್ಷನ್ ಬಂತು. ಆ ವಾರವೇ ವೆಂಕಟಾಚಲಂ ಲಿಂಗಪ್ಪನನ್ನು ನೂಲಿನ ಅಂಗಡಿಗೆ ಕರೆಸಿದ. ಕತೆ ಕಿವಿಗೆ ಬಿದ್ದಿದೆ, ಇವತ್ತಿಗೆ ಕೆಲಸ ಹೋಯಿತು ಎಂದುಕೊಂಡೇ ಲಿಂಗಪ್ಪನ್ ಹೋದ.

“ಆ ಬೆಟ್ಟದವ್ನು ನಾನ್ ತಾನೆ?” ಎಂದ ವೆಂಕಟಾಚಲಂ.

“ಅದು ಶುಮ್ಮನೆ ಕತೆ, ಮುದಲಾಳಿ.”

“ಇರ್ಲಿ. ನೀರು ಅವನ್ ಕೈಲಿದೆ. ಮತ್ತೆ ಬಯಲಿನವ್ನು ಅವನ್ಗೆ ಯಾಕೆ ಹೆದರೋದಿಲ್ಲೆ? ನ್ಯಾಯವಾ ಅದು?”

ಲಿಂಗಪ್ಪನ್ ಯೋಚಿಸಿ, ನ್ಯಾಯವಲ್ಲ ಎಂದ.

“ಸರಿಮಾಡು. ನಾನ್ ತಲೈವರ್ ಆದ್ರೆ ಮೊದಲ್ನೇ ಕೈಯೆಳುತ್ತು ನಿನ್ ಮಗ್ಗಕ್ಕೆ.”

ಅಧ್ಯಕ್ಷನ ಆ ಸಹಿಯ ಆಸೆಗೆ, ಮರುದಿನ ವೆಂಕಟಾಚಲಂನ ಶೆಡ್ಡಿನಲ್ಲಿ ಹೇಳಿದ ಕತೆಯಲ್ಲಿ ಬಯಲಿನವನು ಬೆಟ್ಟ ಹತ್ತಿ ಹೋಗಿ ಅಡ್ಡಬಿದ್ದ. ಇದು ದೇವರಾಜನ್‌ಗೆ ತಿಳಿಯಲು ಎರಡು ದಿನ ಸಾಕಾಯಿತು. ಅವನೂ ಕರೆಸಿದ, ಅವನೂ ನ್ಯಾಯ ಕೇಳಿದ, ಅವನೂ ಸಹಿಯ ಮಾತು ಕೊಟ್ಟ. ದೇವರಾಜನ್‌ನ ಶೆಡ್ಡಿನಲ್ಲಿ ಬೆಟ್ಟದವನು ಅನ್ನಕ್ಕಾಗಿ ಬಯಲಿಗಿಳಿದು ಬಂದ. ರಂಗಸಾಮಿಯ ಶೆಡ್ಡಿನಲ್ಲಿ ಇಬ್ಬರೂ ರೇವಿನವನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತರು. ಲಿಂಗಪ್ಪನಿಗೆ ಇದು ಮೋಸ ಎನ್ನಿಸಲಿಲ್ಲ. ಯಾವ ಮಗ್ಗಕ್ಕೆ ಯಾವ ನೂಲೋ ಅದನ್ನೇ ಸೇರಿಸುವುದು ಅವನ ಕಸುಬು.

ಆದದ್ದೇನೆಂದರೆ, ತಂತಮ್ಮ ಶೆಡ್ಡಿನ ನಗು ಕೇಳಿ ಮೂವರಿಗೂ ಊರೇ ತಮ್ಮ ಬೆನ್ನಿಗಿದೆ ಎಂದು ಗಟ್ಟಿಯಾಯಿತು. ಎಲೆಕ್ಷನ್‌ಗೆ ನಿಲ್ಲುತ್ತೇನೆಂದು ಮೂವರೂ ಹೇಳಿಬಿಟ್ಟರು. ಊರು ಬೆಚ್ಚಿತು. ಅಲ್ಲಿಯತನಕ ಅಧ್ಯಕ್ಷ ಯಾರೆಂಬುದು ಚೌಡಮ್ಮನ ಗುಡಿಯ ಜಗಲಿಯಲ್ಲಿ ಮೂರು ಮನೆಯವರು ತೆಂಗಿನಕಾಯಿ ಒಡೆದಾಗಲೇ ಗೊತ್ತಾಗಿಬಿಡುತ್ತಿತ್ತು. ನಿಜವಾಗಿ ವೋಟು ಹಾಕಬೇಕಾದೀತೆಂದು ಯಾರೂ ಎಣಿಸಿರಲಿಲ್ಲ.

ನಾಮಿನೇಶನ್‌ಗೆ ಒಂದು ದಿನ ಉಳಿದಿರುವಾಗ ಮೂವರೂ ಅದೇ ಜಗಲಿಯಲ್ಲಿ ಕೂತರು. ಜನ ನನ್ನ ಕಡೆ ಎಂದು ವೆಂಕಟಾಚಲಂ ಹೇಳಿದ, ಪಾವು ಸೇರಿಸುವ ಲಿಂಗಪ್ಪನ್ ಹೇಳುವ ಕತೆಯೇ ಸಾಕ್ಷಿ ಎಂದ. ದೇವರಾಜನ್ ಅದೇ ಸಾಕ್ಷಿಯನ್ನು ಕರೆದ. ರಂಗಸಾಮಿಗೂ ಬೇರೆ ಸಾಕ್ಷಿಯಿರಲಿಲ್ಲ. ಆಳು ಕಳಿಸಿ ಲಿಂಗಪ್ಪನನ್ನು ಕರೆಸಿದರು. ಅವನು ಬೆರಳಿನ ಬೂದಿಯನ್ನೂ ಒರೆಸಿಕೊಳ್ಳದೆ ಬಂದು ನಿಂತ.

ಮೂರು ಶೆಡ್ಡಿನ ಮೂರು ಕತೆಯನ್ನೂ ಅವನ ಬಾಯಿಂದಲೇ ಹೇಳಿಸಿದರು. ಮೊದಲು ನಕ್ಕವನು ದೇವರಾಜನ್.

“ಮೂರು ಜನಕ್ಕೂ ಒಪ್ಪೋ ಹಂಗೆ ಮಾತಾಡೋನು ಈ ಊರ್ನಾಗೆ ಇವ್ನೊಬ್ನೇ. ಇವ್ನೇ ಆಗ್ಲಿ ತಲೈವರ್.”

ಮಿಕ್ಕಿಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಾನಾಗದಿದ್ದರೂ ಅವನೂ ಆಗಲಿಲ್ಲವಲ್ಲ ಎಂಬ ಸಮಾಧಾನ ಮೂವರಿಗೂ ಸಮನಾಗಿ ಸಿಕ್ಕಿತು. ಕಾಯಿ ಒಡೆದರು. ಮರುದಿನ ಲಿಂಗಪ್ಪನ್ ಒಬ್ಬನದೇ ನಾಮಿನೇಶನ್.

ಆ ಸಂಜೆ ಸುಶೀಲ ಮಗ್ಗದ ಗೋಣಿತಾಟು ತೆಗೆದು, ನಾಲ್ಕು ಮೂಲೆಗೂ ಅರಿಸಿನ ಕುಂಕುಮ ಇಟ್ಟಳು.

“ಇನ್ನ ಯಾರ್ ಮನೆ ಬಾಗ್ಲೂ ಕಾಯ್ಬೇಕಿಲ್ಲೆ. ಕೈಯೆಳುತ್ತು ಹಾಕೋನೇ ಮನೆನಾಗೆ ಇದ್ದಾನೆ” ಎಂದಳು. ಅವಳು ಅಷ್ಟು ಸಂತೋಷಪಟ್ಟದ್ದನ್ನು ಲಿಂಗಪ್ಪನ್ ಮದುವೆಯಲ್ಲೂ ನೋಡಿರಲಿಲ್ಲ.

ಪಂಚಾಯತಿಯ ಮೊದಲ ಸಭೆಗೆ ಅವನು ಇಸ್ತ್ರಿ ಹಾಕಿದ ವೇಷ್ಟಿ ಉಟ್ಟು ಹೋದ. ಮೂವರು ಮುದಲಾಳಿಗಳು ಸದಸ್ಯರಲ್ಲ, ಆದರೂ ಗೋಡೆಗೆ ಒರಗಿಸಿದ ಮೂರು ಕುರ್ಚಿ ಅವರಿಗೆಂದೇ ಇದ್ದವು. ಗುಮಾಸ್ತ ಈಶ್ವರನ್ ಕಾಗದ ಇಡುತ್ತ ಹೋದ. ವೆಂಕಟಾಚಲಂನ ಹನ್ನೆರಡು ಹೊಸ ಮಗ್ಗಕ್ಕೆ ಕರೆಂಟು, ಸಹಿ. ದೇವರಾಜನ್‌ನ ಹೊಸ ಬಾಯ್ಲರು, ಸಹಿ. ರಂಗಸಾಮಿಯ ಶೆಡ್ಡಿಗೆ ಇನ್ನೆಂಟು ಮಗ್ಗ, ಸಹಿ. ನಾಲ್ಕನೆಯದು ಲಿಂಗಪ್ಪನದೇ ಅರ್ಜಿ. ಪೆನ್ನು ಕಾಗದಕ್ಕೆ ತಾಗುವಷ್ಟರಲ್ಲಿ ರಂಗಸಾಮಿ ಕೆಮ್ಮಿದ.

“ತಲೈವರೇ, ನೀವ್ ತಪ್ಪು ತಿಳ್ಕೋಬಾರ್ದು. ತಲೈವರ್ ತನ್ ಕಾಗದಕ್ಕೆ ತಾನೇ ಕೈಯೆಳುತ್ತು ಹಾಕಿದ್ರೆ ಊರು ಏನ್ ಅನ್ನುತ್ತೆ? ಐದು ವರ್ಷ ತಾನೆ. ನಿಮ್ ಪದವಿ ಮುಗೀಲಿ, ಮುಂದಿನವ್ರು ಹಾಕ್ತಾರೆ.”

ರಂಗಸಾಮಿ ಅವನಿಗೆ ‘ನೀವು’ ಎಂದದ್ದು ಅದೇ ಮೊದಲು. ಮಿಕ್ಕಿಬ್ಬರೂ ತಲೆದೂಗಿದರು. ಆ ಊರಿನಲ್ಲಿ ಅವರು ಮೂವರೂ ಜಗಳವಿಲ್ಲದೆ ಒಪ್ಪಿದ ಧರ್ಮ ಅದೊಂದೇ.

“ಸರಿಂಗ ಮುದಲಾಳಿ” ಎಂದ ಲಿಂಗಪ್ಪನ್. ಅದು ಅವನ ಬಾಯಿಗೆ ಅಭ್ಯಾಸವಾಗಿದ್ದ ಮಾತು, ತಾನಾಗಿಯೇ ಬಂದುಬಿಟ್ಟಿತು.

ಮನೆಗೆ ಬಂದು ಹೇಳಿದಾಗ ಸುಶೀಲ ಗೋಣಿತಾಟು ತಂದು ಮಗ್ಗಕ್ಕೆ ಮತ್ತೆ ಹೊದಿಸಿದಳು. ಒಂದು ಮಳೆಗಾಲ ಕಳೆಯಿತು. ಆ ತೇವದ ಗಾಳಿಗೆ ಮಗ್ಗದ ಗಾಲಿಗಳು ತುಕ್ಕು ಹಿಡಿದು ಕಚ್ಚಿಕೊಂಡವು, ಎಣ್ಣೆಗೂ ಬಿಡಲಿಲ್ಲ. ಐದು ವರ್ಷ ನಿಂತರೆ ಹಳೇ ಕಬ್ಬಿಣದವನೂ ಮುಟ್ಟುವುದಿಲ್ಲವೆಂದು ಅವಳೇ ಲೆಕ್ಕ ಹಾಕಿದಳು. ರಂಗಸಾಮಿಗೆ ಆಗ ಏಳೇ ಮಗ್ಗ ಸಿಕ್ಕಿದ್ದವು, ಕರೆಂಟು ಎಂಟಕ್ಕೆ ಮಂಜೂರಾಗಿತ್ತು. ಮಗ್ಗ ಅಲ್ಲಿಗೆ ಹೋಯಿತು. ಗಾಡಿ ತಿರುವು ದಾಟುವ ತನಕ ಸುಶೀಲ ಬಾಗಿಲಲ್ಲಿ ನಿಂತಿದ್ದು, ಆಮೇಲೆ ನೂಲು ಸುತ್ತಲು ಹೊರಟಳು.

ಎರಡು ತಿಂಗಳ ಮೇಲೆ ಆ ಮಗ್ಗದ ಪಾವು ಮುಗಿಯಿತೆಂದು ರಂಗಸಾಮಿಯ ಶೆಡ್ಡಿನಿಂದ ಕರೆ ಬಂತು. ಲಿಂಗಪ್ಪನ್ ತನ್ನ ಮಗ್ಗದ ಹಿಂದೆ ಕೂತು ಬೆರಳಿಗೆ ಬೂದಿ ಹಚ್ಚಿಕೊಂಡ. ಮುನ್ನೂರು ಎಳೆ ಆಗುವಷ್ಟರಲ್ಲಿ ಕರೆಂಟು ಹೋಯಿತು. ಜನ ಸುತ್ತ ಬಂದು ಕೂತರು. ರಂಗಸಾಮಿಯೂ ಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಂಡ.

“ಅಣ್ಣಾ, ಆ ದೇಶದ ಕತೆ ಏನಾಯ್ತು?” ಎಂದಳು ಕಸ ಗುಡಿಸುವ ಸಾಮಿಯಾತಾಳ್.

“ಈಗ ಅಲ್ಲಿ ಒಬ್ಬ ತಲೈವರ್ ಬಂದಿದ್ದಾನೆ ಅಕ್ಕಾ.”

“ಯಂಗಿದ್ದಾನೆ?”

“ಒಳ್ಳೆಯೋನು. ಯಾರಿಗೂ ಇಲ್ಲೆ ಅನ್ನೋದಿಲ್ಲೆ.”

ಶೆಡ್ಡಿಗೆ ಶೆಡ್ಡೇ ನಕ್ಕಿತು. ರಂಗಸಾಮಿ ಎಲ್ಲರಿಗಿಂತ ಜೋರಾಗಿ ನಕ್ಕ. ಲಿಂಗಪ್ಪನಿಗೆ ಅಳು ಬಂತು. ಕಣ್ಣು ಮಂಜಾಗಿ ಒಂದು ಎಳೆ ತಪ್ಪಿತು, ಅದು ಗೊತ್ತಾಗುವಾಗ ನೂರಿನ್ನೂರು ಮುಂದೆ ಹೋಗಿದ್ದ. ಅಷ್ಟನ್ನೂ ಬಿಚ್ಚಿದ. ತಲೈವರ್‌ಗೂ ಕೈ ತಪ್ಪುತ್ತದಾ ಎಂದು ಯಾರೋ ಕೇಳಿದರು. ತಪ್ಪುತ್ತದೆ ಎಂದು ಹೇಳಿ, ತಲೆ ತಗ್ಗಿಸಿ ಬಿಟ್ಟುಹೋದ ಆ ಎಳೆಯನ್ನು ಹುಡುಕತೊಡಗಿದ.