ತಾರಸಿಯ ಮೇಲಿನ ಎರಡು ತಂತಿ

ಕೋಗಿಲಿನ ನಮ್ಮ ಮನೆಯ ತಾರಸಿಗೆ ರೇಡಿಯೊ ತಂತಿ ಬಂದದ್ದು ನನ್ನ ಆಸೆಯಿಂದಲ್ಲ, ಅಳಿಯನ ಅಪಾರ್ಟ್‌ಮೆಂಟಿನವರ ಕೃಪೆಯಿಂದ. ಅವನು ಹೆಬ್ಬಾಳದಲ್ಲಿ ಎತ್ತರದ ಕಟ್ಟಡದಲ್ಲಿದ್ದಾನೆ. ಅಲ್ಲಿ ಬಾಲ್ಕನಿಯಲ್ಲಿ ಟವೆಲ್ ಹರವಿದರೂ ನೋಟಿಸ್ ಬರುತ್ತದಂತೆ, ಇನ್ನು ತಂತಿ ಎಳೆದರೆ ಬಿಡುತ್ತಾರೆಯೇ? ಅಳಿಯ ಅಂದರೆ ಹೊರಗಿನವನಲ್ಲ, ನನ್ನ ತಮ್ಮನ ಮಗನೇ. ಲಿಫ್ಟ್ ರಿಪೇರಿ ಕಂಪನಿಯಲ್ಲಿ ಕೆಲಸ. ವಾರವೆಲ್ಲ ಜನರನ್ನು ಮೇಲೆ ಕೆಳಗೆ ಸಾಗಿಸುವ ಪೆಟ್ಟಿಗೆ ರಿಪೇರಿ ಮಾಡಿ, ಭಾನುವಾರ ಯಾರನ್ನೂ ಎಲ್ಲಿಗೂ ಸಾಗಿಸದ ಇನ್ನೊಂದು ಪೆಟ್ಟಿಗೆಯ ಮುಂದೆ ಕೂರುತ್ತಾನೆ. ಅದಕ್ಕೆ ಅವನು ಹವ್ಯಾಸ ಅನ್ನುತ್ತಾನೆ. ಅವನನ್ನು ಕಟ್ಟಿಕೊಂಡ ನನ್ನ ಮಗಳು ಬೇರೆ ಹೆಸರಿಟ್ಟಿದ್ದಾಳೆ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಇದನ್ನೆಲ್ಲ ತಿದ್ದಿ ಕೊಡುತ್ತಿರುವವಳೂ ಅವಳೇ, ಆದ್ದರಿಂದ ಆ ಹೆಸರು ಇಲ್ಲಿ ಬರುವುದಿಲ್ಲ.

"ಅತ್ತೆ, ನಿಮ್ ಟೆರೇಸ್ ಮೇಲೆ ಒಂದೇ ಒಂದು ವೈರ್ ಕಟ್ಕೋತೀನಿ" ಅಂತ ಬಂದ.

"ಕಟ್ಕೋ. ನಂಗೇನ್ ಕೊಡ್ತೀಯ?"

"ನಿಮಗೇನ್ ಬೇಕು?"

"ನೀನು ಕಟ್ಟೋ ತಂತಿ ನಂಗೂ ಏನಾದ್ರೂ ಕೆಲಸಕ್ಕೆ ಬರ್ಬೇಕು. ಸುಮ್ನೆ ಬಿಸಿಲು ಕಾಯೋಕೆ ನಮ್ಮ ತಾರಸೀಲಿ ನಾನೊಬ್ಳು ಇದೀನಿ."

ಹಾಗೆ ನನಗೊಂದು ರೇಡಿಯೊ ಬಂತು. ಹಳೆಯದು, ಗುಂಡಿ ತಿರುಗಿಸುವಂಥದು. ತಾರಸಿಯ ಮೆಟ್ಟಿಲು ಮುಗಿಯುವ ಕಡೆ ಒಂದು ಸಣ್ಣ ಕೋಣೆಯಿದೆ. ಅವನ ಪೆಟ್ಟಿಗೆ ಒಂದು ಮೂಲೆಯಲ್ಲಿ, ನನ್ನ ರೇಡಿಯೊ ಇನ್ನೊಂದು ಮೂಲೆಯಲ್ಲಿ. ತಂತಿ ಮಾತ್ರ ಒಂದೇ. ಭಾನುವಾರ ಅವನದು, ಉಳಿದ ದಿನ ನನ್ನದು.

ನಾನು ಕೇಳುವುದು ಎಫ್‌ಎಮ್ ಅಲ್ಲ. ಅದರಲ್ಲಿ ಬರುವ ಹುಡುಗಿಯರು ಉಸಿರು ಬಿಡದೆ ನಗುತ್ತಾರೆ, ಯಾತಕ್ಕೆ ನಗುತ್ತಾರೆ ಅಂತ ಕೊನೆಗೂ ಹೇಳುವುದಿಲ್ಲ. ನನ್ನದು ಶಾರ್ಟ್‌ವೇವ್. ಇಳಿಹೊತ್ತಿನಲ್ಲಿ ಗುಂಡಿ ತಿರುಗಿಸುತ್ತಾ ಹೋದರೆ ಯಾವ್ಯಾವುದೋ ದೇಶದವರು ಸಿಗುತ್ತಾರೆ. ಭಾಷೆ ಗೊತ್ತಾಗುವುದಿಲ್ಲ. ಗೊತ್ತಾಗದಿದ್ದರೆ ಏನು ಕೇಳ್ತೀರಿ ಅಂತ ಸೊಸೆ ಕೇಳಿದಳು. ಗೊತ್ತಾಗುವ ಭಾಷೆಯಲ್ಲಿ ಮನೆಯವರು ನನ್ನ ಹತ್ತಿರ ಆಡುವ ಮಾತು ಇಷ್ಟೇ: ಮಾತ್ರೆ ತಗೊಂಡ್ರಾ, ಮೆಟ್ಟಿಲು ನೋಡ್ಕೊಂಡು, ಬಿಸಿನೀರು ಕಾದಿದೆ. ರೇಡಿಯೊದಲ್ಲಿ ಮಾತಾಡುವವನಿಗೆ ನನ್ನ ವಯಸ್ಸು ಗೊತ್ತಿಲ್ಲ. ಅವನು ನನ್ನನ್ನು ಹುಷಾರಾಗಿ ಮಾತಾಡಿಸುವುದಿಲ್ಲ, ಅಷ್ಟು ಸಾಕು.

ಮೀಡಿಯಂ ವೇವಿಗಿಂತ ಕೆಳಗೆ ಲಾಂಗ್‌ವೇವ್ ಅಂತ ಇನ್ನೊಂದಿದೆ. ಅಲ್ಲಿ ನಮ್ಮ ಕಡೆ ಹಾಡೂ ಇಲ್ಲ, ಮಾತೂ ಇಲ್ಲ. ವಿಮಾನದವರಿಗೆ ದಿಕ್ಕು ತೋರಿಸಲು ನೆಲದ ಮೇಲೆ ಎಲ್ಲೋ ಇಟ್ಟಿರುವ ಒಂದು ಯಂತ್ರ ಕುಯ್ ಕುಯ್ ಅಂತ ತನ್ನ ಹೆಸರಿನ ಎರಡೇ ಅಕ್ಷರ ಹೇಳುತ್ತಿರುತ್ತದೆ. ಮತ್ತೆ ಹೇಳುತ್ತದೆ, ಮತ್ತೂ ಹೇಳುತ್ತದೆ. ನನ್ನಷ್ಟೇ ಓದಿದ ಸ್ಟೇಷನ್ನು. ಈಗ ವಿಮಾನದವರಿಗೆ ದಾರಿ ಆಕಾಶದಿಂದಲೇ ಗೊತ್ತಾಗುತ್ತದಂತೆ, ಇಂಥ ಯಂತ್ರಗಳನ್ನು ಒಂದೊಂದಾಗಿ ನಿಲ್ಲಿಸುತ್ತಿದ್ದಾರಂತೆ. ಅದಕ್ಕೆ ಯಾರೂ ಹೇಳಿಲ್ಲವೋ ಏನೋ, ಹೆಸರು ಹೇಳಿಕೊಳ್ಳುತ್ತಲೇ ಇದೆ.

ಅಳಿಯನದು ಬೇರೆ ಬಗೆ. ಅವನು ಕೇಳುವುದರ ಜೊತೆಗೆ ಕಳಿಸುತ್ತಾನೆ. ಸರ್ಕಾರದ ಪರೀಕ್ಷೆ ಬರೆದು ಲೈಸೆನ್ಸ್ ಪಡೆದಿದ್ದಾನೆ, ಪ್ಲಾಸ್ಟಿಕ್ ಹಾಳೆಯಲ್ಲಿ ಸೀಲು ಮಾಡಿಸಿ ಜೇಬಿನಲ್ಲಿ ಇಟ್ಟುಕೊಂಡಿರುತ್ತಾನೆ. ಸೋಪಿನ ಡಬ್ಬಿಯಷ್ಟು ಪೆಟ್ಟಿಗೆಯೊಂದನ್ನು ತಾನೇ ಮಾಡಿದ. ಟಾರ್ಚಿನ ಬಲ್ಬು ಉರಿಯಲು ಬೇಕಾದಷ್ಟು ಶಕ್ತಿಯೂ ಅದಕ್ಕಿಲ್ಲ. ಶಕ್ತಿ ಎಷ್ಟು ಕಮ್ಮಿಯೋ ಅಷ್ಟು ಹೆಮ್ಮೆ ಈ ಜನಕ್ಕೆ. ಅದು ನಿಧಾನವಾಗಿ ಅವನ ಗುರುತಿನ ಅಕ್ಷರಗಳನ್ನು ಆಕಾಶಕ್ಕೆ ಬಿಡುತ್ತದೆ. ಅವನಂಥವರೇ ಬೇರೆ ದೇಶಗಳಲ್ಲಿ ಕಾದು ಕೂತಿರುತ್ತಾರೆ. ಯಾರಿಗೆ ಕೇಳಿಸಿತು ಅಂತ ಫೋನಿನ ಭೂಪಟದ ಮೇಲೆ ಗೆರೆ ಬರುತ್ತದೆ. ಒಂದು ಭಾನುವಾರ ಗೆರೆ ಆಸ್ಟ್ರೇಲಿಯಾಕ್ಕೆ ಹೋಯಿತು. ಚಿಕ್ಕಬಳ್ಳಾಪುರದಲ್ಲಿರುವ ಅವನ ಗೆಳೆಯನಿಗೆ ಮಾತ್ರ ಕೇಳಿಸಲಿಲ್ಲ.

"ಅದು ಹಂಗೇ ಅತ್ತೆ. ಅಲೆ ಮೇಲಕ್ಕೆ ಹೋಗಿ ದೂರದಲ್ಲಿ ಇಳಿಯತ್ತೆ. ಮಧ್ಯದಲ್ಲಿರೋರ ತಲೆ ಮೇಲೆ ದಾಟ್ಕೊಂಡು ಹೋಗ್ಬಿಡತ್ತೆ."

"ನಮ್ ನೆಂಟರಲ್ಲೂ ಅಂಥೋರು ಇದಾರೆ" ಅಂದೆ.

ಈ ಹವ್ಯಾಸದವರಿಗೆ ಒಂದು ಕಟ್ಟುನಿಟ್ಟಿದೆ. ಕೇಳಿಸಿದ್ದನ್ನು ಮಾತ್ರ ಕೇಳಿಸಿತು ಅನ್ನಬೇಕು. ದೂರದ ಸ್ಟೇಷನ್ನಿಗೆ ನಾವು ಕೇಳಿದ್ದನ್ನು ಬರೆದು ಕಳಿಸಿದರೆ, ಹೌದು ಅದು ನಾವೇ ಅಂತ ಅವರು ಚಿತ್ರದ ಕಾರ್ಡು ಕಳಿಸುತ್ತಾರೆ. ನನಗೂ ಒಂದು ಬೇಕು ಅಂದೆ. ಏನ್ ಕೇಳಿಸ್ತು ಹೇಳಿ ಅಂದ. ಒಬ್ಬಳು ಮಾತಾಡಿದಳು, ಡೋಲು ಬಡಿದರು, ಆಮೇಲೆ ಒಬ್ಬ ಸಿಟ್ಟು ಮಾಡಿಕೊಂಡ ಅಂದೆ. ಸಿಟ್ಟು ಅಂತ ಹೇಗೆ ಗೊತ್ತು, ಊಹೆ ಬರೆಯುವಂತಿಲ್ಲ ಅಂದ. ನಲವತ್ತು ವರ್ಷ ಸಂಸಾರ ಮಾಡಿದ್ದೇನೆ, ಗಂಡಸಿನ ಸಿಟ್ಟು ನನಗೆ ಊಹೆಯಲ್ಲ ಅಂದೆ. ಬರೆದ. ಕಾರ್ಡು ಬಂತು.

ಹೀಗೆ ಯಾರಿಗೂ ತೊಂದರೆಯಿಲ್ಲದೆ ನಡೆಯುತ್ತಿದ್ದಾಗ ಪಕ್ಕದ ಮನೆಯಲ್ಲಿರುವ ನನ್ನ ವಾರಗಿತ್ತಿಗೆ ತಲೆನೋವು ಶುರುವಾಯಿತು. ಮೈದುನನ ಹೆಂಡತಿ ಅವಳು. ಹಳೆಯ ಮನೆ ಒಡೆದು ಎರಡು ಪಾಲಾದಾಗಿನಿಂದ ಅವರ ಗೋಡೆಗೆ ನಮ್ಮ ಗೋಡೆ ಅಂಟಿಕೊಂಡೇ ಇದೆ.

"ಅಕ್ಕಾ, ನಿನ್ನಳಿಯ ಅದೇನೋ ಬಿಡ್ತಾವ್ನಂತಲ್ಲ?"

"ಏನ್ ಬಿಡ್ತಾವ್ನೆ?"

"ಅದೇ ಕಣಕ್ಕ, ರೇಡಿಯೇಸನ್ನು. ನಂಗೆ ಇಲ್ಲಿಂದ ಇಲ್ಲೀವರ್ಗೂ ಇಡ್ಕೊಂಡೈತೆ."

"ನಿನ್ ಮನೆ ಮ್ಯಾಲೆ ಮೊಬೈಲ್ ಟವರ್ ನಿಂತೈತಲ್ಲೇ, ಊರಿಗೆಲ್ಲ ಕಾಣೋ ಅಂಗೆ?"

"ಅದು ಕಂಪ್ನೀದು. ಅದಕ್ಕೆ ಸರ್ಟಿಫಿಕೇಟ್ ಐತೆ. ಬಾಡ್ಗೆ ಬತ್ತದೆ."

"ಬಾಡ್ಗೆ ಬಂದ್ರೆ ತಲೆ ನೋಯಾಕಿಲ್ವಾ?"

"ಅದು ಜನಕ್ಕೆ ನೆಟ್ ಕೊಡ್ತದೆ ಕಣಕ್ಕ. ನಿಂದು ಏನ್ ಕೊಡ್ತದೆ?"

ಡೋಲು, ಸಿಟ್ಟು ಅಂತ ಹೇಳಿದ್ದರೆ ತಲೆನೋವು ಜಾಸ್ತಿಯಾಗುತ್ತಿತ್ತು.

ಅವಳು ಬೀದಿ ಸಂಘದ ಅಧ್ಯಕ್ಷರ ಬಳಿ ಹೋದಳು. ಅಧ್ಯಕ್ಷರು ರಿಟೈರ್ ಆದವರು. ಯಾವ ಕೆಲಸದಿಂದ ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ, ಆದರೆ ಪೂರ್ತಿ ರಿಟೈರ್ ಆದ ಹಾಗೆ ಕಾಣುವುದಿಲ್ಲ. ಭಾನುವಾರ ಬಂದು ಸ್ಥಳ ಪರಿಶೀಲನೆ ಮಾಡುತ್ತೇವೆ ಅಂತ ಹೇಳಿ ಕಳಿಸಿದರು.

ಅಳಿಯನ ಮುಖ ಒಣಗಿತು. ಅವನಿಗೆ ಇನ್ನೊಂದು ತಾರಸಿ ಇಲ್ಲ. ಅಪಾರ್ಟ್‌ಮೆಂಟಿನವರು ಬಿಡುವುದಿಲ್ಲ, ಅವನಪ್ಪನ ಮನೆಯನ್ನು ಕೆಡವಿ ಕಟ್ಟುತ್ತಿದ್ದಾರೆ. ನನಗೂ ಹಾಗೇ. ತಂತಿ ಕಿತ್ತರೆ ರೇಡಿಯೊದಲ್ಲಿ ಬರುವುದು ಎಲ್‌ಇಡಿ ಬಲ್ಬುಗಳ ಗೊರಗೊರ ಮಾತ್ರ, ಆಮೇಲೆ ದಿನವಿಡೀ ಮಾತ್ರೆ, ಮೆಟ್ಟಿಲು, ಬಿಸಿನೀರು. ಸಂಘ ಬೇಡ ಅಂದರೆ ನನ್ನ ಮಗನೇ ಕಿತ್ತುಹಾಕುತ್ತಾನೆ. ಅವನಿಗೆ ಬೀದಿಯಲ್ಲಿ ಮರ್ಯಾದೆ ಮುಖ್ಯ, ಅಮ್ಮನ ಡೋಲು ಅಲ್ಲ.

ಭಾನುವಾರ ಬೆಳಿಗ್ಗೆ ಅಧ್ಯಕ್ಷರು, ಸಂಘದ ಇನ್ನಿಬ್ಬರು, ಹಿಂದೆ ನನ್ನ ವಾರಗಿತ್ತಿ. ಸೆರಗನ್ನು ತಲೆ ತುಂಬ ಹೊದ್ದಿದ್ದಳು, ರೇಡಿಯೇಶನ್ ತಾಗಬಾರದು ಅಂತ. ಅಳಿಯ ಲೈಸೆನ್ಸ್ ತೆಗೆದ.

"ಸರ್, ಇದು ಮಿಲಿವ್ಯಾಟ್. ನಿಮ್ಮ ಜೇಬಲ್ಲಿರೋ ಫೋನ್ ಇದಕ್ಕಿಂತ ಜಾಸ್ತಿ."

ಅಧ್ಯಕ್ಷರು ಜೇಬು ಮುಟ್ಟಿ ನೋಡಿಕೊಂಡರು. "ಈ ಲೈಸೆನ್ಸ್ ಪೆಟ್ಟಿಗೆಗೋ, ವೈರಿಗೋ?"

"ನನಗೆ ಸರ್."

"ನಿಮಗಲ್ಲಪ್ಪಾ, ವೈರಿಗೆ ಇದೆಯಾ ಅಂತ ಕೇಳಿದ್ದು. ಇದ್ರಲ್ಲಿ ಪಾಕಿಸ್ತಾನಕ್ಕೆ ಕೇಳ್ಸುತ್ತಾ?"

"ಚಿಕ್ಕಬಳ್ಳಾಪುರಕ್ಕೇ ಕೇಳ್ಸಲ್ಲ ಸರ್."

"ಮತ್ತೆ ಯಾಕ್ ಬೇಕ್ರೀ ಇದು?"

ನ್ಯಾಯವಾದ ಪ್ರಶ್ನೆ. ಅಳಿಯ ಆಕಾಶದ ಪದರ, ಸೂರ್ಯನ ಕಲೆ ಅಂತ ವಿವರಿಸತೊಡಗಿದ. ಬಂದವರು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದರು. ಕೊನೆಗೆ ಅಧ್ಯಕ್ಷರು ಕೈಯೆತ್ತಿದರು. "ಪೆಟ್ಟಿಗೆ ಇಟ್ಕೊಳ್ಳಿ, ಅದು ನಿಮ್ಮ ರೂಮಿನೊಳಗಿದೆ. ಸಾರ್ವಜನಿಕರಿಗೆ ಅಪಾಯ ವೈರಿಂದ. ಆ ವೈರು ಇವತ್ತೇ ಹೋಗ್ಬೇಕು."

ಅವರು ತೋರಿಸಿದ ಕಡೆ ನಾನೂ ನೋಡಿದೆ. ಬೆರಳು ನಮ್ಮ ಬಟ್ಟೆ ಒಣಹಾಕುವ ತಂತಿಯ ಕಡೆಗಿತ್ತು.

ಅದನ್ನು ಕಟ್ಟಿದ್ದು ನಮ್ಮ ಯಜಮಾನರು. ದುಡ್ಡು ಕೊಟ್ಟು ಹಗ್ಗ ತರುವುದು ಅವರ ಪ್ರಕಾರ ಬುದ್ಧಿಯಿಲ್ಲದವರ ಕೆಲಸ. ಗುಜರಿಯಿಂದ ದಪ್ಪ ಅಲ್ಯೂಮಿನಿಯಂ ತಂತಿ ತಂದು, ಎರಡು ತುದಿಗೂ ಕರೆಂಟು ಕಂಬದ ಮೇಲಿರುವಂಥ ಬಿಳಿ ಪಿಂಗಾಣಿ ಹಾಕಿ ಬಿಗಿದಿದ್ದರು. ನೋಡಿದವರಿಗೆ ಕೆಇಬಿ ಲೈನೇ ನಮ್ಮ ಮನೆ ಮೇಲೆ ಹಾದುಹೋಗಿದೆ ಅನ್ನಿಸಬೇಕು. ಅವತ್ತು ಅದರ ಮೇಲೆ ಒಂದು ಕರವಸ್ತ್ರವೂ ಇರಲಿಲ್ಲ. ಅಳಿಯನ ತಂತಿಗೆ ಮಾತ್ರ ಹಸಿರು ಪ್ಲಾಸ್ಟಿಕ್ಕಿನ ಹೊದಿಕೆ, ಅಂಗಡಿಯಲ್ಲಿ ಬಟ್ಟೆಗೆ ಅಂತ ಮಾರುವ ಹಗ್ಗದ ಹಾಗೇ. ವಾರಗಿತ್ತಿ ನಿಂತಿದ್ದದ್ದು ಸರಿಯಾಗಿ ಅದರ ಕೆಳಗೆ.

"ಸರ್, ಅದು..." ಅಂತ ಅಳಿಯ ಬಾಯಿ ತೆರೆದ.

"ಅದು ಅವನ ಮಾವ ಕಟ್ಟಿದ್ದು ಸ್ವಾಮಿ, ಅದಕ್ಕೇ ಸಂಕಟ ಅವನಿಗೆ" ಅಂದೆ. "ನೀವು ಹೇಳಿದ್ ಮೇಲೆ ಇನ್ನೇನು. ಬಿಚ್ಚಪ್ಪಾ."

ನಾನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿಲ್ಲ. ಕೇಳಿಸಿದ್ದನ್ನು ಮಾತ್ರ ಹೇಳಿದ್ದೇನೆ.

ಅಧ್ಯಕ್ಷರು ಮೊದಲು ಮನೆಯ ಮೇನ್ ಸ್ವಿಚ್ ಆಫ್ ಮಾಡಿಸಿದರು. ಅಳಿಯನ ಕಾಲಿಗೆ ರಬ್ಬರ್ ಚಪ್ಪಲಿ ಹಾಕಿಸಿದರು. ಎಲ್ಲರೂ ಗೋಡೆಯ ಕಡೆ ಸರಿದು ನಿಂತರು. ಲಿಫ್ಟಿನ ಕೆಳಗಿನ ಹಳ್ಳಕ್ಕೆ ಇಳಿದು ಕೆಲಸ ಮಾಡುವ ಮನುಷ್ಯ ಕಟಿಂಗ್ ಪ್ಲೇಯರ್ ಹಿಡಿದು, ಬಟ್ಟೆ ಒಣಹಾಕುವ ತಂತಿಯನ್ನು ಅಳುಮುಖದಲ್ಲಿ ಕತ್ತರಿಸಿದ. ತಂತಿ ಠಣ್ ಅಂತ ಬಿದ್ದಾಗ ವಾರಗಿತ್ತಿ ಹಣೆ ಹಿಡಿದುಕೊಂಡಳು. ಆಮೇಲೆ ಕೈ ತೆಗೆದಳು. "ಅಕ್ಕಾ, ನೋಡು, ಅಂಗೇ ಇಳೀತು" ಅಂದಳು. ಅಧ್ಯಕ್ಷರು ಗ್ರೂಪಿಗೆ ಹಾಕಲು ಫೋಟೊ ತೆಗೆಸಿಕೊಂಡರು.

ಅವರು ಇಳಿದು ಹೋದ ಮೇಲೆ ಅಳಿಯ ಕಾಫಿ ಮುಟ್ಟಲಿಲ್ಲ. "ಅತ್ತೆ, ಇದು ಮೋಸ."

"ಯಾರಿಗೆ? ಅವಳ ತಲೆನೋವು ಹೋಯ್ತು. ಅಧ್ಯಕ್ಷರಿಗೆ ಫೋಟೊ ಸಿಕ್ತು. ನಿಂಗೆ ತಂತಿ ಉಳೀತು. ಬಟ್ಟೆ ಒಣಗ್ಸೋ ಜಾಗ ಹೋಗಿದ್ದು ನಂದು."

ಸಮಾಧಾನವಾಗಲಿಲ್ಲ ಅವನಿಗೆ. ಆ ಹವ್ಯಾಸದವರ ಕಟ್ಟುನಿಟ್ಟು ಅಂದೆನಲ್ಲ, ಅದು ಮೈಗೆ ಹತ್ತಿದ ಕಾಯಿಲೆ. ಮುಂದಿನ ವಾರ ಪಕ್ಕದ ಮನೆಗೆ ಹೋಗಿ ಎಲ್ಲ ಹೇಳಿಯೇಬಿಟ್ಟ. ಕತ್ತರಿಸಿದ್ದು ಬಟ್ಟೆಯದು, ರೇಡಿಯೊದ್ದು ಇನ್ನೂ ಹಾಗೇ ಇದೆ, ತಪ್ಪಾಯಿತು ಅಂತ. ಇಷ್ಟು ಮಾಡಿ ತಂತಿ ಉಳಿಸಿದ್ದು ಇವನ ಬಾಯಿಂದ ಹೋಯಿತಲ್ಲ ಅಂದುಕೊಂಡೆ.

ವಾರಗಿತ್ತಿ ಸಂಜೆ ಬಂದು ನನ್ನ ಪಕ್ಕ ಕೂತಳು. "ಅಕ್ಕಾ, ನಿನ್ನಳಿಯ ಒಳ್ಳೇವ್ನು ಕಣೆ. ತಂತಿ ತೆಗ್ಸಿದ್ವಿ ಅಂತ ನಂಗೆ ಬೇಜಾರಾಗ್ಬಾರ್ದು ಅಂತ ಅದೇನೋ ಕತೆ ಕಟ್ತಾವ್ನೆ. ಅದು ಇನ್ನೂ ಇದ್ದಿದ್ರೆ ನನ್ ತಲೆಗೆ ಗೊತ್ತಾಗಾಕಿಲ್ವಾ?"

"ಗೊತ್ತಾಗ್ದೆ ಇರ್ತದಾ" ಅಂದೆ.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ನಮ್ಮ ಬಟ್ಟೆಗೆ ಸೊಸೆ ಮಡಚುವ ಸ್ಟೀಲ್ ಸ್ಟ್ಯಾಂಡು ತಂದಳು. ಅಷ್ಟರಲ್ಲಿ ಟವರಿನ ಕಂಪನಿಯವರು ವಾರಗಿತ್ತಿಯ ತಾರಸಿಯ ಮೇಲೆ ಇನ್ನೂ ಎರಡು ದೊಡ್ಡ ಬೀರುವಿನಂಥ ಪೆಟ್ಟಿಗೆ ತಂದಿಟ್ಟು ಸುತ್ತ ಬೇಲಿ ಹಾಕಿದರು. ಬಾಡಿಗೆ ಏರಿತಂತೆ, ಅವಳ ತಲೆ ಮತ್ತೂ ಹಗುರಾಯಿತು. ಆದರೆ ಸೀರೆ ಹರವಲು ಅವಳಿಗೆ ಜಾಗ ಉಳಿಯಲಿಲ್ಲ.

"ಅಕ್ಕಾ, ನಿನ್ ತಾರಸಿ ಖಾಲಿ ಐತಲ್ಲ. ಆ ಹಸ್ರು ದಾರದ್ ಮ್ಯಾಲೆ ನನ್ದೊಂದ್ ನಾಕು ಸೀರೆ ಹಾಕ್ಕೊಳ್ಳಾ?"

ಬೇಡ ಅನ್ನಲು ಒಂದು ಕಾರಣ ಬೇಕು. ಇದ್ದದ್ದು ಒಂದೇ ಕಾರಣ, ಅದನ್ನು ಹೇಳುವ ಹಾಗಿರಲಿಲ್ಲ. "ಹಾಕ್ಕೊಳ್ಳೇ, ಅದಕ್ಕೇನು" ಅಂದೆ.

ಭಾನುವಾರ ಅಳಿಯ ಪೆಟ್ಟಿಗೆ ಹಚ್ಚಿ ಫೋನ್ ಹಿಡಿದು ಕೂತ. ಬಹಳ ಹೊತ್ತು ಕೂತ.

"ಅತ್ತೆ, ಇವತ್ತು ಯಾರಿಗೂ ಕೇಳಿಸ್ತಿಲ್ಲ. ಮ್ಯಾಪ್ ಖಾಲಿ ಇದೆ."

"ಆಚೆ ಹೋಗಿ ನೋಡು."

ನೋಡಿದ. ನಾಲ್ಕು ಒದ್ದೆ ಸೀರೆಯ ಭಾರಕ್ಕೆ ತಂತಿ ಹೊಟ್ಟೆ ಬಿಟ್ಟು, ಸೊಂಟದ ಮಟ್ಟಕ್ಕೆ ಜೋತುಬಿದ್ದಿತ್ತು. ವಾರಗಿತ್ತಿ ಅದರ ನೆರಳಿನಲ್ಲೇ ಚಾಪೆ ಹಾಸಿಕೊಂಡು, ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದಳು.

ಒಳಗೆ ಬಂದು ಪಿಸುಗುಟ್ಟಿದ. "ಅವ್ರಿಗೆ ತೆಗೀರಿ ಅಂತ ಹೇಳೋಕಾಗಲ್ವಾ?"

"ಯಾಕೆ ಅಂತಾಳೆ. ನೀನೇ ಹೋಗಿ ಹೇಳು, ನಿಂಗೆ ನಿಜ ಹೇಳೋದು ಅಭ್ಯಾಸ ಇದೆಯಲ್ಲ."

"ಹೋದ ಸಲ ಹೇಳಿದ್ನಲ್ಲ, ನಂಬ್ಲೇ ಇಲ್ಲ."

"ಈ ಸಲ ನಂಬಿದ್ರೆ?"

ಅವನು ಬಾಗಿಲಲ್ಲಿ ನಿಂತು ಸೀರೆಗಳನ್ನೂ ಮಲಗಿದವಳನ್ನೂ ನೋಡಿದ. ಆಮೇಲೆ ಬಂದು ನನ್ನ ಪಕ್ಕ ಕೂತ. ಆರುವವರೆಗೆ ಕಾಯುವುದು ಅಂತಾಯಿತು. ಕಾಟನ್ ಸೀರೆಗಳು, ಗಂಜಿ ಬೇರೆ ಹಾಕಿದ್ದಳು, ತಡವಾಗುತ್ತದೆ.