ತಲೆಯೊಳಗಿನ ರಜಿಸ್ಟರ್

ಸವದತ್ತಿ ಸೀಮೆಯ ಒಂದು ಕಾಲುವೆಯಲ್ಲಿ ನೀರಿನ ಮಟ್ಟ ನೋಡುವ ನೌಕರಿ ನಿಜಗುಣಪ್ಪನದು. ತಾಸಿಗೊಮ್ಮೆ ಅಳತೆಪಟ್ಟಿ ನೋಡಿ, ದಿನ್ನೆಯ ಮೇಲಿನ ಆಫೀಸಿಗೆ ಹತ್ತಿ, ರಜಿಸ್ಟರಿನಲ್ಲಿ ಬರೆಯಬೇಕೆಂಬುದು ಕಾಯದೆ. ಆ ಎಪ್ಪತ್ತು ಮೆಟ್ಟಿಲು ಕಟ್ಟಿಸಿದವನಿಗೆ ಮೊಣಕಾಲೇ ಇರಲಿಲ್ಲವೆಂದು ನಿಜಗುಣಪ್ಪನ ಗುಮಾನಿ. ಅದಕ್ಕೇ ಅವನು ಅಂಕಿಗಳನ್ನೆಲ್ಲ ತಲೆಯಲ್ಲೇ ಇಟ್ಟುಕೊಂಡು, ದಂಡೆಯ ಮೇಲಿನ ತನ್ನ ಮನೆಯಲ್ಲಿ ಚಹಾ ಕುಡಿಯುತ್ತ ಅವನ್ನೇ ಗುನುಗಿ, ಸಂಜೆ ಐದಕ್ಕೆ ಒಮ್ಮೆಲೇ ಹತ್ತಿ ಬರೆದು ಬರುತ್ತಿದ್ದ. ಆರು ವರ್ಷದಲ್ಲಿ ಯಾರೂ ಒಂದು ತಪ್ಪು ಹಿಡಿದಿರಲಿಲ್ಲ.

ಎಪ್ಪತ್ತಾರನೆಯ ಇಸವಿಯ ಒಂದು ದಿನ ನಾಲ್ಕು ಗಂಟೆಗೆ ಹೊಸ ಇಂಜಿನಿಯರ್ ಸಾಹೇಬರು ರಜಿಸ್ಟರ್ ಹಿಡಿದು ಮನೆಬಾಗಿಲಿಗೇ ಬಂದರು. ಆ ದಿನದ ಪುಟ ಖಾಲಿ.

"ತಲ್ಯಾಗ ಐತ್ರಿ ಸಾಹೇಬ್ರ, ಹೇಳ್ತೇನಿ, ಬರ್ಕೊಳ್ರಿ," ಎಂದು ನಿಜಗುಣಪ್ಪ ಎದೆಯುಬ್ಬಿಸಿದ. ಅಷ್ಟರಲ್ಲಿ ಒಳಗೆ ಹೆಂಡತಿ ರಾಚವ್ವ ಹುರಿಯುತ್ತಿದ್ದ ಮೆಣಸಿನಕಾಯಿಯ ಘಾಟು ಮೂಗಿಗೆ ಬಡಿಯಿತು. ಏಳು ಸಲ ಸೀನಿದ. ಏಳನೆಯ ಸೀನಿಗೆ ಅಂಕಿಗಳೆಲ್ಲ ಹಾರಿಹೋಗಿದ್ದವು.

ರಾಚವ್ವ ಸೌಟು ಹಿಡಿದೇ ಹೊರಗೆ ಬಂದಳು. "ನಾ ಹೇಳ್ತೇನ್ರಿ. ಹತ್ತಕ್ಕ ನಾಕಡಿ ಎರಡಿಂಚು, ಚಹಾ ಸಪ್ಪಗೈತಂತ ನನಗ ಬೈದ್ರು. ಹನ್ನೊಂದಕ್ಕ ನಾಕಡಿ ಮೂರಿಂಚು, ಮತ್ತ ಅದ ಚಹಾ ಬೇಡಿದ್ರು..." ಹೀಗೆ ತಾಸು ತಾಸಿನದೂ ಒಪ್ಪಿಸಿದಳು. "ಮೂರರದಷ್ಟ ಇಲ್ರಿ. ಆವಾಗ ಗೊರಕಿ ಹೊಡಿಯಾಕ ಹತ್ತಿದ್ರು."

ಸಾಹೇಬರು ನಗಲಿಲ್ಲ. ಪೆನ್ನು ನಿಜಗುಣಪ್ಪನ ಕೈಗಿತ್ತರು. "ಷರಾ ಕಾಲಮಿನಾಗ ಅದನ್ನೂ ಬರೀರಿ."

ಆ ಪುಟದಲ್ಲಿ ಮೂರು ಗಂಟೆಯ ಮುಂದೆ, ಅವನದೇ ದುಂಡು ಅಕ್ಷರದಲ್ಲಿ, ಇವತ್ತಿಗೂ ಇದೆ: ಗೊರಕೆ.